ಡಬ್ಬಿಯೊಳಗಿನ ಸಿಳ್ಳೆ

ನಮ್ಮವರು ತೀರಿಕೊಂಡ ಮೇಲೆ ಎರಡು ದಿನ ಮನೆಯಲ್ಲಿ ಯಾರೋ ಸಿಳ್ಳೆ ಹಾಕುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನನಗೆ ಕೇಳಿಸಲಿಲ್ಲ. ಬಂದು ಹೋದವರಿಗೆಲ್ಲ ಕೇಳಿಸಿತು. ಒಬ್ಬರು ಗ್ಯಾಸು ಸೋರುತ್ತಿದೆ ಎಂದು ಅಡುಗೆಮನೆಯೆಲ್ಲ ಮೂಸಿ ನೋಡಿದರು. ಇನ್ನೊಬ್ಬರು ಕುರ್ಚಿ ಹತ್ತಿ ಟ್ಯೂಬ್‌ಲೈಟಿಗೆ ಕಿವಿಗೊಟ್ಟರು. ನನ್ನ ನಾದಿನಿ ಮಾತ್ರ ಯಾವುದನ್ನೂ ಹುಡುಕದೆ ಗೋಡೆಗೊರಗಿ ಕೂತು, "ಅಣ್ಣ ಇನ್ನೂ ಹೋಗಿಲ್ಲ, ಇಲ್ಲೇ ಇದಾನೆ" ಎಂದಳು. ಮೂರನೆಯ ದಿನ ಬೆಳಗ್ಗೆ ಸದ್ದು ನಿಂತಿತಂತೆ. "ಈಗ ಹೋದ" ಎಂದು ಅವಳೂ ತನ್ನ ಬಸ್ಸು ಹಿಡಿದಳು.

ಅಷ್ಟು ಹೊತ್ತೂ ನಾನು ಎಲ್ಲರ ಮುಖ ನೋಡುತ್ತ ಕೂತಿದ್ದೆ. ಎಲ್ಲರೂ ಸೇರಿ ನನ್ನ ತಲೆ ಕೆಡಿಸಲು ಹೊರಟಿದ್ದಾರೆ ಅನ್ನಿಸಿತು. ಮಗಳು ಒಮ್ಮೆ, "ಅಪ್ಪನ ಕಿವಿ ಮಿಷನ್ ಇರ್ಬಹುದಾ ಅಮ್ಮ?" ಎಂದು ಕೇಳಿದಳು. "ಅದನ್ನ ನಾನೇ ಡಬ್ಬಿಗೆ ಹಾಕಿ, ಮುಚ್ಚಿ, ಬೀರುವಿನ ಡ್ರಾಯರಲ್ಲಿ ಇಟ್ಟಿದೀನಿ" ಎಂದು ಅವಳ ಬಾಯಿ ಮುಚ್ಚಿಸಿದೆ. ಅವಳು ನನ್ನ ತೋಳು ಹಿಡಿದು, "ನಿಜವಾಗ್ಲೂ ನಿಂಗೆ ಕೇಳಿಸ್ತಿಲ್ವಾ? ಇಷ್ಟು ಜೋರಾಗಿದೆ" ಎಂದಳು. ಇಲ್ಲ ಎಂದೆ. ಅವಳು ನನ್ನನ್ನೇ ನೋಡುತ್ತ ನಿಂತುಬಿಟ್ಟಳು. ಕಿವುಡಿ ತಾಯಿಯನ್ನು ಕಂಡು ಮರುಗುವ ನೋಟವಷ್ಟೇ ಆಗಿರಲಿಲ್ಲ ಅದು. ತಪ್ಪು ಮಾಡಿ ಸಿಕ್ಕಿಬಿದ್ದವರು ಹಾಗೆ ನೋಡುತ್ತಾರೆ. ಅದರ ಅರ್ಥ ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಕಿವಿಯೇ ನನ್ನ ಕಸುಬು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಅಲ್ಲಿ ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಒಂದೇ ಪಾಠ: ಬಾಯಿ ಬಿಡುವ ಮೊದಲು ದೀಪ ನೋಡು. ಬೋರ್ಡಿನ ಮೇಲೆ ದೀಪ ಉರಿಯುತ್ತಿದ್ದರೆ ಲೈನು ತೆರೆದಿದೆ, ಆ ಕಡೆಯವನು ಕೇಳಿಸಿಕೊಳ್ಳುತ್ತಿದ್ದಾನೆ. ಆರಿದ್ದರೆ ಏನು ಬೇಕಾದರೂ ಅನ್ನಬಹುದು. ಅನ್ನುತ್ತಿದ್ದೆವು ಕೂಡ. ಕಂಡಕಂಡವರ ಬೈಗುಳ ತಿಂದು, ದೀಪ ಆರಿದೊಡನೆ ಅವರ ವಂಶವನ್ನೆಲ್ಲ ಜಾಲಾಡಿ, ಮತ್ತೆ ಹೊತ್ತಿದೊಡನೆ ಗಂಟಲಲ್ಲಿ ಜೇನು ತಂದುಕೊಳ್ಳುತ್ತಿದ್ದೆವು. ತೆರೆದ ಲೈನಿನಲ್ಲಿ ನಾನು ಒಂದೇ ಒಂದು ಕೆಟ್ಟ ಮಾತು ಆಡಿದವಳಲ್ಲ. ನಿವೃತ್ತಿಯ ದಿನ ಸೂಪರ್‌ವೈಸರ್ ಅದನ್ನೇ ಹೇಳಿ ನನಗೆ ಹಾರ ಹಾಕಿದರು.

ನಮ್ಮವರದು ಪ್ರೆಸ್ಸು. ಅಚ್ಚು ಹಾಕುವ ಯಂತ್ರದ ಪಕ್ಕ ನಿಂತು ನಿಂತು ಐವತ್ತಕ್ಕೆ ಕಿವಿ ಮಂದವಾಯಿತು, ಅರವತ್ತಕ್ಕೆ ಪೂರಾ ಕೈಕೊಟ್ಟಿತು. ಬಲಗಿವಿಯ ಹಿಂದೆ ಕೂರುವ ಮಿಷನ್ ಬಂತು. ಕಂದು ಬಣ್ಣ, ಗೋಡಂಬಿಯ ಆಕಾರ, ಅದರಿಂದ ಹೊರಟ ಒಂದು ನಳಿಕೆ, ನಳಿಕೆಯ ತುದಿಗೆ ಅವರ ಕಿವಿಯ ಅಳತೆಗೇ ಮಾಡಿಸಿದ ಅಚ್ಚು. ಮಧ್ಯಾಹ್ನ ಮಲಗುವ ಮುಂಚೆ ಅದನ್ನು ತೆಗೆದು ಸಣ್ಣ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತಿದ್ದರು. ಎದ್ದ ಮೇಲೆ ಕಿವಿಗೆ ಏರಿಸಿ ಡಬ್ಬಿಯನ್ನು ತೆರೆದೇ ಬಿಡುತ್ತಿದ್ದರು. ಹತ್ತು ವರ್ಷ ನೋಡಿ ನೋಡಿ ಆ ಡಬ್ಬಿಯೇ ನನಗೆ ದೀಪವಾಯಿತು. ಮುಚ್ಚಳ ತೆರೆದಿದ್ದರೆ ಲೈನು ತೆರೆದಿದೆ, ಮುಚ್ಚಿದ್ದರೆ ಬಂದ್. ಮುಚ್ಚಿದ್ದಾಗ ನಾನು ಬಟ್ಟೆ ಮಡಿಸುತ್ತ ಅವರ ಮೇಲಿನ ಸಿಟ್ಟನ್ನೆಲ್ಲ ಅವರ ಎದುರೇ ತೀರಿಸಿಕೊಳ್ಳುತ್ತಿದ್ದೆ. ಅವರು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು. ನಮ್ಮ ಸಂಸಾರ ಸುಸೂತ್ರವಾಗಿ ನಡೆದದ್ದರಲ್ಲಿ ಆ ಡಬ್ಬಿಯ ಪಾಲು ಬಹಳ ಇದೆ.

ಆ ಮಿಷನ್ ಒಮ್ಮೊಮ್ಮೆ ಕುಂಯ್ ಎನ್ನುತ್ತದೆ ಎಂದು ಮಗಳು ಬೈಯುತ್ತಿದ್ದಳು, ಬಂದ ನೆಂಟರು ಬೈಯುತ್ತಿದ್ದರು. ನಾನು ಬೈಯುತ್ತಿರಲಿಲ್ಲ. "ಈ ಮನೇಲಿ ನನ್ನ ಸಿಳ್ಳೆಗೆ ಸಿಡುಕದೇ ಇರೋಳು ನೀನೊಬ್ಬಳೇ ಕಣೇ, ಎಕ್ಸ್‌ಚೇಂಜು" ಎಂದು ನಮ್ಮವರು ನಗುತ್ತಿದ್ದರು. ಎಕ್ಸ್‌ಚೇಂಜು ಅಂದರೆ ನಾನೇ. ಮದುವೆಯಾದ ವಾರದಿಂದ ಅದೇ ಹೆಸರು. ಅವರ ಆ ಮಾತನ್ನು ನನ್ನ ತಾಳ್ಮೆಗೆ ಸಿಕ್ಕ ಸರ್ಟಿಫಿಕೇಟು ಎಂದುಕೊಂಡು ನಾನೂ ನಗುತ್ತಿದ್ದೆ.

ಕೊನೆಯ ಎರಡು ತಿಂಗಳು ಅವರು ಹಾಸಿಗೆ ಹಿಡಿದರು. ಧ್ವನಿ ಏಳುತ್ತಿರಲಿಲ್ಲ. ನೀರು ಬೇಕಾದರೆ, ಹೊರಳಿಸಬೇಕಾದರೆ, ಚಮಚದಿಂದ ಲೋಟಕ್ಕೆ ತಟ್ಟಿ ಕರೆಯುತ್ತಿದ್ದರು. ಹಗಲು ಇಪ್ಪತ್ತು ಸಲ, ರಾತ್ರಿ ಹತ್ತು ಸಲ. ನಾನು ಅದೇ ಕೋಣೆಯಲ್ಲಿ ಇನ್ನೊಂದು ಮಂಚದಲ್ಲಿ ಮಲಗುತ್ತಿದ್ದೆ. ಟಣ್ ಅಂದರೆ ಏಳುವುದು, ಟಣ್ ಅಂದರೆ ಏಳುವುದು. ಎಕ್ಸ್‌ಚೇಂಜಿನಲ್ಲಾದರೂ ಎಂಟು ಗಂಟೆಗೊಮ್ಮೆ ಶಿಫ್ಟು ಬದಲಾಗುತ್ತಿತ್ತು. ಮಗಳು ಮಿಷನ್ ಕ್ಲೀನ್ ಮಾಡಿಸಿ ತಂದುಕೊಟ್ಟ ಮೇಲೆ ಒಂದು ವಾರ ಡಬ್ಬಿಯ ಮುಚ್ಚಳ ಹಗಲೂ ರಾತ್ರಿ ತೆರೆದೇ ಇತ್ತು. ಚಳಿಯೆಂದು ಅವರು ಕಿವಿ ಮುಚ್ಚುವ ಉಲ್ಲನ್ ಟೋಪಿ ಹಾಕಿಕೊಂಡಿದ್ದರು, ಮಿಷನ್ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಮುಚ್ಚಳ ತೆರೆದಿದೆ ಎಂದು ನಾನು ವಾರವಿಡೀ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ಮಗಳು ಜೊತೆಗಿರಲು ಬಂದ ದಿನ ಮಧ್ಯಾಹ್ನ, ಮೂರನೆಯ ಸಲ ಹಾಸಿಗೆಯ ಬಟ್ಟೆ ಬದಲಿಸಿ ಸೊಂಟ ಹಿಡಿದು ನಿಂತೆ. ಅವರು ಬಲ ಮಗ್ಗುಲಾಗಿ, ಕಿವಿಯನ್ನು ದಿಂಬಿಗೊತ್ತಿ, ಕಣ್ಣು ಮುಚ್ಚಿ ಮಲಗಿದ್ದರು. ಮೇಜಿನ ಮೇಲೆ ನೋಡಿದೆ. ಡಬ್ಬಿ ಮುಚ್ಚಿತ್ತು.

"ಇನ್ನೂ ಎಷ್ಟು ದಿನ ಹೀಗೆ? ನಂಗೆ ಸಾಕಾಗಿದೆ. ಬೇಗ ಹೋಗ್ಬಿಡಬಾರ್ದಾ ನೀವು" ಎಂದೆ.

ಹೇಳಿದ್ದು ಅಷ್ಟೇ. ಅವರು ಮಿಸುಕಲಿಲ್ಲ. ನಾನು ಬಟ್ಟೆ ಎತ್ತಿಕೊಂಡು ಒಗೆಯಲು ಹೋದೆ. ಆ ಸಂಜೆಯಿಂದ ಅವರು ನನ್ನನ್ನು ಕರೆಯಲಿಲ್ಲ. ಚಮಚದ ಸದ್ದೇ ಇಲ್ಲ. ನಾಲ್ಕು ದಿನದಲ್ಲಿ ಒಂದೇ ಒಂದು ಸಲವೂ ಇಲ್ಲ. ನಾನಾಗಿ ಹೋಗಿ ನೀರು ಹಿಡಿದರೆ ಕುಡಿಯುತ್ತಿದ್ದರು, ನನ್ನ ಮುಖ ನೋಡುತ್ತಿರಲಿಲ್ಲ. ಐದನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಹೋಗಿಬಿಟ್ಟರು. ನಾನೇ ಟೋಪಿ ಬಿಚ್ಚಿ, ಕಿವಿಯಿಂದ ಮಿಷನ್ ತೆಗೆದು ಡಬ್ಬಿಗೆ ಹಾಕಿ ಮುಚ್ಚಿದೆ.

ಬೆಳಗಿನ ಹೊತ್ತು ಮಿಷನ್ ಹಾಕಿಕೊಂಡಿದ್ದರಲ್ಲಿ ವಿಶೇಷವೇನಿಲ್ಲ. ಆದರೆ ಆ ಮಧ್ಯಾಹ್ನ ಅದು ಎಲ್ಲಿತ್ತು, ಡಬ್ಬಿಯಲ್ಲೋ ಕಿವಿಯಲ್ಲೋ? ನನ್ನ ಮಾತು ಕೇಳಿಸಿಕೊಂಡೇ ಅವರು ಕರೆಯುವುದನ್ನು ನಿಲ್ಲಿಸಿದರೇ? ಒಂದು ವರ್ಷ ನನ್ನ ಜೊತೆ ಉಂಡದ್ದು, ಮಲಗಿದ್ದು ಈ ಒಂದು ಪ್ರಶ್ನೆ. ಖಾಲಿ ಮಂಚದ ಕಡೆ ಬೆನ್ನು ಮಾಡಿ ಮಲಗಿದರೆ ಬೆನ್ನಿಗೆ ಯಾರೋ ಕಿವಿಗೊಟ್ಟಿದ್ದಾರೆ ಅನ್ನಿಸುತ್ತಿತ್ತು. ಒಬ್ಬಳೇ ಇರುವಾಗಲೂ ದನಿ ತಗ್ಗಿಸಿ ಮಾತಾಡುವುದು ರೂಢಿಯಾಯಿತು. ಮಗಳನ್ನು ಕೇಳೋಣವೆಂದರೆ, ಹೇಳದೆ ಕೇಳುವುದು ಹೇಗೆ?

ನಾಲ್ಕು ಸ್ಟಾಪು ಆಚೆ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ಮಗಳು ಹಿಡಿದ ಹಟ ಬಿಡುವವಳಲ್ಲ. ಬಾಗಿಲ ಗಂಟೆ ಒತ್ತಿ ಒತ್ತಿ ಅವಳ ಬೆರಳು ಸವೆದಿತ್ತು. ಕಡೆಗೆ ಒಂದು ಬೆಳಗ್ಗೆ ನನ್ನನ್ನು ಆಟೋಗೆ ಹತ್ತಿಸಿ, ಅವಳಪ್ಪನ ಮಿಷನ್ ಕೊಂಡಿದ್ದ ಜಾಗಕ್ಕೇ ಕರೆದೊಯ್ದಳು. ನಾನು ಅವಳಿಗೆ ಹೇಳದೆ ಆ ಸ್ಟೀಲ್ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದೆ.

ಕಿವಿ ನೋಡುವಾಕೆ ಮೂವತ್ತು ದಾಟದ ಹುಡುಗಿ. "ಬನ್ನಿ ಅಜ್ಜಿ" ಎಂದಳು, ನನಗೆ ಹಿಡಿಸಲಿಲ್ಲ. ಮುಖ ನೋಡಿ ಅರ್ಥ ಮಾಡಿಕೊಂಡು ಮೇಡಂ ಎಂದು ತಿದ್ದಿಕೊಂಡಳು. ತೂತು ತೂತಿನ ಹಲಗೆ ಬಡಿದ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಏರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದಳು. ಎಷ್ಟೋ ವರ್ಷದ ಮೇಲೆ ಆ ಭಾರ ತಲೆಯ ಮೇಲೆ ಕೂತಿತು. ಸುಮ್ಮನೆ ಕೂತರೆ ಮರ್ಯಾದೆ ಹೋಗುತ್ತದೆಂದು ಸದ್ದು ಬರದಿದ್ದರೂ ಗುಂಡಿ ಒತ್ತಿದೆ. ಅವಳು ಗಾಜಿನಾಚೆಯಿಂದ ಬೆರಳಾಡಿಸಿ ಬೇಡ ಎಂದಳು. ನನ್ನ ಕಳ್ಳತನ ಅಲ್ಲಿಗೆ ಮುಗಿಯಿತು.

ಆಮೇಲೆ ಒಂದು ಹಾಳೆ ತೋರಿಸಿದಳು. ಅದರಲ್ಲಿ ಗೆರೆ ಎಡಗಡೆ ಮೇಲಿತ್ತು, ಬಲಕ್ಕೆ ಬರುತ್ತ ಮೆಟ್ಟಿಲಿನ ಹಾಗೆ ಇಳಿದು ನೆಲ ಕಚ್ಚಿತ್ತು.

"ನಿಮಗೆ ದಪ್ಪ ಸದ್ದು ಚೆನ್ನಾಗೇ ಕೇಳುತ್ತೆ ಮೇಡಂ. ಲಾರಿ, ಗಂಡಸರ ಮಾತು, ಬಾಗಿಲು ಬಡಿಯೋದು. ತೆಳು ಸದ್ದು ಕೇಳಲ್ಲ. ಹಕ್ಕಿ, ಗಂಟೆ, ಸಿಳ್ಳೆ, ಚಮಚ ಪಾತ್ರೆ ತಾಗೋದು. ಇದು ನಿನ್ನೆ ಮೊನ್ನೆಯದಲ್ಲ. ಹತ್ತು ವರ್ಷದಿಂದ ಇಳೀತಾ ಬಂದಿರುತ್ತೆ."

"ಚಮಚದ ಸದ್ದು ನಂಗೆ ಕೇಳ್ತಿತ್ತು" ಎಂದೆ.

"ಜೋರಾಗಿ ತಟ್ಟಿದ್ರೆ ಕೇಳಿರುತ್ತೆ" ಎಂದಳು.

ಆಮೇಲೆ ಒಂದು ತಟ್ಟೆಯಲ್ಲಿ ಮಿಷನ್‌ಗಳನ್ನು ತಂದಿಟ್ಟಳು, ಬಳೆ ಅಂಗಡಿಯವರು ಇಡುವ ಹಾಗೆ. ಒಂದು ಅವರೆಕಾಳಿನಷ್ಟಿತ್ತು, ಕಿವಿಯ ಕೊಳವೆಯೊಳಗೇ ಹೋಗಿ ಕೂರುವಂಥದ್ದು. ಎಳೆಯಲು ಬಾಲದಂಥ ಒಂದು ದಾರ. ಇನ್ನೊಂದು ಕಿವಿಯ ಬೋಗುಣಿಯನ್ನು ತುಂಬಿಕೊಳ್ಳುವಂಥದ್ದು. ಮೂರನೆಯದು ಕಿವಿಯ ಹಿಂದೆ ಕೂತು ಕೂದಲೆಳೆಯಂಥ ನಳಿಕೆಯನ್ನು ಒಳಗೆ ಬಿಡುವಂಥದ್ದು.

ಮಗಳ ಕೈ ನೆಟ್ಟಗೆ ಅವರೆಕಾಳಿಗೆ ಹೋಯಿತು. "ಇದೇ ಇರ್ಲಿ. ಯಾರಿಗೂ ಕಾಣಲ್ಲ."

"ಕಾಣದೇ ಇರೋಕೆ ನಾನೇನು ಕದ್ದು ಓಡಿ ಹೋಗ್ತಿದೀನಾ?" ಎಂದೆ.

ಹುಡುಗಿ ನಗದೆ, ಆ ಕಾಳಿಗೆ ಹಾಕುವ ಬ್ಯಾಟರಿಯನ್ನು ನನ್ನ ಅಂಗೈಯ ಮೇಲಿಟ್ಟಳು. "ಇದನ್ನ ಹಾಕಿ ತೋರ್ಸಿ." ಸಾಸಿವೆಗಿಂತ ಸ್ವಲ್ಪ ದೊಡ್ಡದು. ಮೂರು ಸಲ ಮೇಜಿನಡಿ ಉರುಳಿತು. ಮೂರು ಸಲವೂ ಮಗಳು ಬಗ್ಗಿ ಹೆಕ್ಕಿಕೊಟ್ಟಳು. ನೂರು ತೂತಿನ ಬೋರ್ಡಿನಲ್ಲಿ ಕಣ್ಣು ಮುಚ್ಚಿ ಪ್ಲಗ್ಗು ಸಿಕ್ಕಿಸುತ್ತಿದ್ದ ಬೆರಳುಗಳು ಇವು. ನನಗೆ ಅಳು ಬಂದಂತಾಯಿತು, ಅದಕ್ಕೇ ಸಿಡುಕಿದೆ.

"ಚಿಕ್ಕದು ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ" ಎಂದಳು ಹುಡುಗಿ. "ದಪ್ಪ ಸದ್ದು ಕೇಳೋ ಕಿವಿಯನ್ನ ಪೂರ್ತಿ ಮುಚ್ಚಿದ್ರೆ ನಿಮ್ಮ ಧ್ವನಿ ನಿಮಗೇ ಹಂಡೆಯೊಳಗೆ ಮಾತಾಡಿದ ಹಾಗಿರುತ್ತೆ. ನಿಮ್ಮ ಕಿವಿಗೂ ಬೆರಳಿಗೂ ಕಿವಿ ಹಿಂದೆ ಕೂರೋದೇ ಸರಿ."

ಆಗ ನಾನು ಚೀಲದಿಂದ ಡಬ್ಬಿ ತೆಗೆದು ತಟ್ಟೆಯ ಪಕ್ಕ ಇಟ್ಟೆ. "ಕಿವಿ ಹಿಂದೆ ಅಂದ್ರೆ ಇದೇ ಇದೆಯಲ್ಲ. ಇದು ನಂಗೆ ಆಗಲ್ವಾ?"

ಹುಡುಗಿ ಡಬ್ಬಿ ತೆರೆದಳು. ಕಿವಿಯೊಳಗೇ ಕೂರುವಂಥದ್ದಾದರೆ ಒಬ್ಬರದು ಇನ್ನೊಬ್ಬರಿಗೆ ಆಗುವುದೇ ಇಲ್ಲ, ಅದು ಅವರ ಜೊತೆಗೇ ಮುಗಿಯುತ್ತದೆ ಎಂದಳು. ಹಿಂದೆ ಕೂರುವುದಾದರೆ ಅಚ್ಚು ಮಾತ್ರ ಬೇರೆ ಮಾಡಿಸಬೇಕು, ಒಳಗಿನ ಲೆಕ್ಕಾಚಾರ ಬದಲಿಸಿದರೆ ಯಾರ ಕಿವಿಗಾದರೂ ಹೊಂದುತ್ತದೆ. "ಇವತ್ತಿಗೆ ಮೆತ್ತಗಿನ ರಬ್ಬರ್ ತುದಿ ಹಾಕಿಕೊಡ್ತೀನಿ. ಮನೇಲಿ ಹಾಕ್ಕೊಂಡು ನೋಡಿ, ಆಮೇಲೆ ತೀರ್ಮಾನ ಮಾಡಿ."

ಮಿಷನ್ನಿನ ಬಾಲದಲ್ಲಿ ಉಗುರು ಸಿಕ್ಕಿಸಿ ಒಂದು ಪುಟ್ಟ ಬಾಗಿಲು ತೆರೆದಳು. ಒಳಗಿದ್ದ ಬ್ಯಾಟರಿಗೆ ಬಿಳಿ ಹುಡಿ ಕಟ್ಟಿತ್ತು. "ಬ್ಯಾಟರಿ ಒಳಗೇ ಬಿಟ್ಟಿದೀರಿ. ತೆಗೆದಿಡುವಾಗ ಈ ಬಾಗಿಲು ತೆರೀಬೇಕು ಮೇಡಂ. ಇದಕ್ಕೆ ಬೇರೆ ಸ್ವಿಚ್ ಇಲ್ಲ. ಬಾಗಿಲು ಮುಚ್ಚಿರೋ ತನಕ ಅದು ಕೇಳ್ತಾನೇ ಇರುತ್ತೆ."

"ಡಬ್ಬಿ ಮುಚ್ಚಿದ್ರೆ?"

"ಡಬ್ಬಿಗೂ ಅದಕ್ಕೂ ಸಂಬಂಧ ಇಲ್ಲ" ಎಂದಳು.

ಬ್ರಶ್ಶಿನಿಂದ ಉಜ್ಜಿ, ಹೊಸ ಬ್ಯಾಟರಿ ಹಾಕಿ, ತಂತಿಯೊಂದನ್ನು ಸಿಕ್ಕಿಸಿ ಕಂಪ್ಯೂಟರಿನ ಕಡೆ ತಿರುಗಿದಳು. ಎಷ್ಟು ಬಳಸಿದ್ದಾರೆ ಎಂದು ಇದರೊಳಗೇ ದಾಖಲಾಗಿರುತ್ತದೆ, ಅಳಿಸುವ ಮುಂಚೆ ಒಮ್ಮೆ ನೋಡುತ್ತೇನೆ ಎಂದಳು.

"ಯಾವತ್ತು ಬಂದ್ ಇತ್ತು ಅಂತ ಗೊತ್ತಾಗುತ್ತಾ?"

"ದಿನ ಗೊತ್ತಾಗಲ್ಲ. ಒಟ್ಟು ಎಷ್ಟು ಗಂಟೆ ನಡೀತು, ಎಷ್ಟು ಸಲ ಬಾಗಿಲು ಮುಚ್ಚಿ ಶುರು ಮಾಡಿದ್ರು, ಅಷ್ಟು." ಅವಳು ಮಗಳ ಕಡೆ ತಿರುಗಿದಳು. "ಕೊನೇ ಸಲ ನೀವೇ ತಂದಿದ್ರಿ ಅಲ್ವಾ, ನಳಿಕೆ ಕಟ್ಟಿದೆ ಅಂತ? ಆವತ್ತು ಕ್ಲೀನ್ ಮಾಡಿ, ಹೊಸ ಬ್ಯಾಟರಿ ಹಾಕಿ, ಇದನ್ನೆಲ್ಲ ಸೊನ್ನೆ ಮಾಡಿದ್ದೆ."

"ಅಪ್ಪ ಹೋಗೋಕೆ ಹನ್ನೊಂದು ದಿನ ಮುಂಚೆ" ಎಂದಳು ಮಗಳು.

"ಆವತ್ತಿಂದ ಮುನ್ನೂರ ಒಂಬತ್ತು ಗಂಟೆ." ಹುಡುಗಿ ಹುಬ್ಬೇರಿಸಿದಳು. "ಶುರು ಮಾಡಿದ್ದು ಒಂದೇ ಸಲ. ನಾನು ಇಲ್ಲಿ ಬಾಗಿಲು ಮುಚ್ಚಿದ್ದೇ. ಆಮೇಲೆ ಅವರು ತೆಗೆದೇ ಇಲ್ಲ."

ಹನ್ನೊಂದು ದಿನಕ್ಕೆ ಇನ್ನೂರ ಅರವತ್ತನಾಲ್ಕು ಗಂಟೆ. ಟ್ರಂಕ್ ಕಾಲಿನ ನಿಮಿಷ ಕೂಡಿಸಿದವಳಿಗೆ ಇದೇನು ಕಷ್ಟವಲ್ಲ. ಒಂದು ಗಂಟೆಯೂ ಬಿಟ್ಟಿರಲಿಲ್ಲ. ಹಗಲೂ ರಾತ್ರಿ, ನಿದ್ದೆಯಲ್ಲೂ, ಆ ಮಧ್ಯಾಹ್ನವೂ ಲೈನು ತೆರೆದಿತ್ತು.

"ಅಪ್ಪ ತೆಗೀತಾನೇ ಇರ್ಲಿಲ್ಲ ಅಮ್ಮ, ನಿಂಗೊತ್ತಿರ್ಲಿಲ್ವಾ?" ಎಂದಳು ಮಗಳು. "ತೆಗೆದ್ರೆ ಮನೆ ಖಾಲಿ ಆದ ಹಾಗಾಗುತ್ತೆ, ನಿಮ್ಮಮ್ಮನ ಓಡಾಟ ಕೇಳ್ತಿದ್ರೆ ಧೈರ್ಯ ಅಂತಿದ್ರು."

"ಡಬ್ಬಿ ಮುಚ್ಚಿತ್ತಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ನಾನೇ ಮುಚ್ಚಿದ್ದು. ಇರೋಕೆ ಅಂತ ಬಂದೆನಲ್ಲ, ಅವತ್ತು ಬೆಳಗ್ಗೆ. ಮೇಜು ಒರೆಸ್ದಾಗ ಡಬ್ಬಿ ಒಳಗೆ ಧೂಳು ಕೂತಿತ್ತು."

ಒಂದು ವರ್ಷ ನನ್ನನ್ನು ತಿಂದ ಪ್ರಶ್ನೆಗೆ ಉತ್ತರ ನನ್ನೆದುರೇ ಕೂತು ಊಟ ಮಾಡಿ ಹೋಗುತ್ತಿತ್ತು. ನನಗೆ ಅವಳ ಮೇಲೆ ವಿಪರೀತ ಸಿ‌ಟ್ಟು ಬಂತು. ಧೂಳು ಒರೆಸಿದ್ದಕ್ಕೆ ಸಿಟ್ಟಾಗುವ ತಾಯಿ ಇದ್ದರೆ ನಾನೊಬ್ಬಳೇ ಇರಬೇಕು.

ಹುಡುಗಿ ಇನ್ನೂ ಉಳಿದ ನಲವತ್ತೈದು ಗಂಟೆಯಲ್ಲೇ ಇದ್ದಳು. "ಅವರು ಹೋದ್ಮೇಲೂ ಎರಡು ದಿನ ಇದು ಆನ್ ಇತ್ತು. ಮುಚ್ಚಿಟ್ಟಿದ್ರಾ? ಹಾಗಾದ್ರೆ ಕೂಗಿರ್ಬೇಕು." ಮಿಷನ್ನನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ನನಗೇನೂ ಕೇಳಲಿಲ್ಲ. ಆದರೆ ಮಗಳು ಕುರ್ಚಿ ಬಿಟ್ಟು ಎದ್ದು ನಿಂತಳು. "ಇದೇ" ಎಂದಳು. "ಅಮ್ಮ, ಇದೇ ಸದ್ದು."

ನಾದಿನಿ ಹೇಳಿದ್ದು ಪೂರಾ ಸುಳ್ಳಲ್ಲ. ಅವರ ಕಿವಿ ಅವರಿಗಿಂತ ಎರಡು ದಿನ ಹೆಚ್ಚು ಬದುಕಿತ್ತು. ಯಾರು ಬಂದರು, ಏನೆಂದರು, ನಾನು ಅತ್ತೆನೋ ಇಲ್ಲವೋ, ಬೀರುವಿನ ಕತ್ತಲಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಕೂಗಿತ್ತು.

ನನ್ನ ಕಿವಿಗೆ ತಕ್ಕ ಹಾಗೆ ಬದಲಿಸಿ, ರಬ್ಬರ್ ತುದಿ ಹಾಕಿ, ಹುಡುಗಿ ಅದನ್ನು ನನ್ನ ಬಲಗಿವಿಗೆ ಏರಿಸಿದಳು. ಲೋಕ ಗಾಜಿನ ಚೂರಿನ ಹಾಗೆ ಬಂದು ಬಿತ್ತು. ಕಾಗದ, ಬಳೆ, ಗಡಿಯಾರ, ಮಗಳು ಮೂಗೆಳೆದುಕೊಂಡದ್ದು. ಸರಿಮಾಡಿಕೊಳ್ಳಲೆಂದು ಕೈ ಎತ್ತಿ ಅಂಗೈಯಿಂದ ಕಿವಿ ಮುಚ್ಚಿದೆ. ಸೂಜಿಯಂಥ ಒಂದು ಸಿಳ್ಳೆ ಎದ್ದಿತು. ಕೈ ತೆಗೆದೆ, ನಿಂತಿತು. ಮತ್ತೆ ಮುಚ್ಚಿದೆ.

"ಏನಾದ್ರೂ ಹತ್ತಿರ ಒತ್ತಿದ್ರೆ ಹೀಗೇ" ಎಂದಳು ಹುಡುಗಿ. "ಕೈ, ಶಾಲು, ದಿಂಬು."

"ದಿಂಬಿಗೆ ಕಿವಿ ಒತ್ತಿ ಮಲಗಿದ್ರೂ?"

"ಹೌದು. ಪಕ್ಕದಲ್ಲಿದ್ದೋರಿಗೆ ಚೆನ್ನಾಗಿ ಕೇಳುತ್ತೆ. ಹಾಕ್ಕೊಂಡೋರಿಗೆ ಎಷ್ಟೋ ಸಲ ಕೇಳಲ್ಲ. ನಿಮ್ಮ ಯಜಮಾನ್ರಿಗೆ ಆ ಸ್ವರವೇ ಹೋಗಿತ್ತು. ಮಾತು ಮಾತ್ರ ಹತ್ತಿರದಿಂದ ಆಡಿದ್ರೆ ಕೇಳ್ತಿತ್ತು."

ಆ ಮಧ್ಯಾಹ್ನದ ಕೋಣೆಯಲ್ಲಿ ಸಿಳ್ಳೆ ಇತ್ತು. ಲೈನು ತೆರೆದಿದೆ, ಬಾಯಿ ಬಿಡಬೇಡ ಎಂದು ದೀಪ ಉರಿಯುತ್ತಲೇ ಇತ್ತು. ಕಿವಿಯಿದ್ದ ಯಾರೇ ಬಾಗಿಲಲ್ಲಿ ನಿಂತಿದ್ದರೂ ತಿಳಿದುಕೊಳ್ಳುತ್ತಿದ್ದರು. ಅಲ್ಲಿ ಇದ್ದವರು ನಾವಿಬ್ಬರೇ, ಇಬ್ಬರಿಗೂ ಅದು ಕೇಳಿಸಲಿಲ್ಲ. ನನ್ನ ಮಾತು ಮಾತ್ರ ತಲುಪಬೇಕಾದಲ್ಲಿಗೆ ತಲುಪಿತು.

ಮನೆಗೆ ಬಂದಾಗ ಸಂಜೆ ಐದು. ಮಗಳು ಅಡುಗೆಮನೆಗೆ ಹೋದಳು. ನಾನು ಕೋಣೆಗೆ ಹೋಗಿ ಅವರ ಮಂಚದ ಅಂಚಿನಲ್ಲಿ ಕೂತೆ. ವರ್ಷದಿಂದ ಅಲ್ಲಿ ಕೂತಿರಲಿಲ್ಲ. ಅವರಿಗೆ ಹೇಗೆ ಕೇಳಿಸಿರಬಹುದು ಎಂದು ತಿಳಿಯದೆ ನನಗೆ ಇರಲಾಗಲಿಲ್ಲ. ದಿಂಬಿನ ಕಡೆ ಬಗ್ಗಿ, ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. "ನಂಗೆ ಸಾಕಾಗಿದೆ. ಬೇಗ ಹೋಗ್ಬಿಡಬಾರ್ದಾ ನೀವು." ಅವರ ಮಿಷನ್ನು ಅದನ್ನು ಎತ್ತಿ ನನ್ನ ಕಿವಿಯೊಳಗೇ ಇಟ್ಟಿತು. ಯಾರೋ ಪರಕೀಯ ಹೆಂಗಸು ಮೈಮೇಲೆ ಬಾಗಿ ಹೇಳಿದ ಹಾಗಿತ್ತು. ಸಿಟ್ಟಿನ ದನಿಯಾದರೂ ಆಗಿರಬೇಕಿತ್ತು. ಅದು ನಿಜವಾಗಿಯೂ ಹೋಗಲೆಂದು ಕೇಳಿಕೊಳ್ಳುವ ದನಿಯಾಗಿತ್ತು.

ಮೇಜಿನ ಮೇಲೆ ಅವರ ಲೋಟ ಇನ್ನೂ ಇತ್ತು, ಅದರೊಳಗೆ ಚಮಚ. ನಾನೇ ತೆಗೆದಿರಲಿಲ್ಲ. ಜೋರಾಗಿ ತಟ್ಟಿದರೆ ಕೇಳಿರುತ್ತದೆ ಎಂದಿದ್ದಳು ಹುಡುಗಿ. ಚಮಚ ಎತ್ತಿ ಮೆಲ್ಲಗೆ, ಉಗುರು ತಾಗಿಸಿದಷ್ಟು ಮೆಲ್ಲಗೆ ತಟ್ಟಿದೆ. ಟಿಣ್ ಎಂದಿತು. ಮಿಷನ್ ಕಿತ್ತು ಮಡಿಲಲ್ಲಿಟ್ಟು ಮತ್ತೆ ತಟ್ಟಿದೆ. ಏನೂ ಇಲ್ಲ. ಚಮಚ ಲೋಟಕ್ಕೆ ತಾಗುವುದು ಕಣ್ಣಿಗೆ ಕಾಣುತ್ತಿತ್ತು, ಸದ್ದು ಇರಲಿಲ್ಲ. ಇನ್ನೊಂದು ಸಲ ತಟ್ಟಿದೆ, ಇನ್ನೊಂದು ಸಲ. ಮಿಷನ್ ಏರಿಸಿಕೊಂಡು ತಲೆ ಎತ್ತಿದಾಗ ಬಾಗಿಲಲ್ಲಿ ಮಗಳು ನಿಂತಿದ್ದಳು.

ಅವಳ ಕೈಯಲ್ಲಿ ನೀರಿನ ಲೋಟವಿತ್ತು.

ಯಾಕೆ ತಂದಳೆಂದು ಅವಳಿಗೇ ಗೊತ್ತಿರಲಿಲ್ಲ. ಲೋಟ ನೋಡಿದಳು, ನನ್ನನ್ನು ನೋಡಿದಳು, ಮಂಚ ನೋಡಿದಳು. ಆಮೇಲೆ ಬಾಗಿಲಿಗೆ ಒರಗಿದಳು.

"ಕರೀತಿದ್ರಾ?" ಎಂದೆ.

"ಹ್ಞೂಂ."

"ಎಷ್ಟು ದಿನ?"

"ಕೊನೇವರೆಗೂ. ಮೊದಲಿನ ಹಾಗೆ ಅಲ್ಲ, ಮೆಲ್ಲಗೆ." ಅವಳು ನೆಲ ನೋಡುತ್ತ ಹೇಳಿದಳು. "ನೀನು ಪಕ್ಕದ ಮಂಚದಲ್ಲೇ ಗೋಡೆ ಕಡೆ ತಿರುಗಿ ಮಲಗಿರ್ತಿದ್ದೆ. ಒಮ್ಮೊಮ್ಮೆ ಎಚ್ಚರ ಇರ್ತಿದ್ದೆ. ಕೇಳಿಸ್ಕೊಂಡೂ ಏಳ್ತಿಲ್ಲ ಅಂದ್ಕೊಂಡೆ ಅಮ್ಮ. ನಾಲ್ಕು ದಿನ ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ ನಂಗೆ. ಆಮೇಲೆ ಆ ಸಿಳ್ಳೆ ನಿಂಗೆ ಕೇಳಿಸ್ಲಿಲ್ಲ ನೋಡು, ಆಗ ಗೊತ್ತಾಯ್ತು."

ತಪ್ಪು ಮಾಡಿ ಸಿಕ್ಕಿಬಿದ್ದವರ ನೋಟ. ಅದರ ಅರ್ಥ ಇದು.

"ನನ್ನ ಎಬ್ಬಿಸ್ಬೇಕಿತ್ತು."

"ಅಪ್ಪ ಬೇಡ ಅಂದ್ರು. ನಾನು ಬೈದೆ ಕೂಡ, ಜೋರಾಗಿ ತಟ್ಟಿ, ಅಮ್ಮ ಹೇಗೆ ಏಳಲ್ಲ ನೋಡೋಣ ಅಂತ. ಅವಳಿಗೆ ಕೇಳ್ಬಾರ್ದು ಅಂತಾನೇ ಮೆಲ್ಲಗೆ ತಟ್ತಿರೋದು ಅಂದ್ರು. ಅವಳಿಗೆ ತೆಳು ಸದ್ದು ಕೇಳಲ್ಲ, ನನ್ನ ಸಿಳ್ಳೆಗೆ ಇಷ್ಟು ವರ್ಷ ಸಿಡುಕದೇ ಇದ್ದಾಗ್ಲೇ ಗೊತ್ತು, ಹೇಳಿದ್ರೆ ಎಕ್ಸ್‌ಚೇಂಜಿಗೆ ಅವಮಾನ ಅಂದ್ರು. ನಿನ್ನ ಬಿಟ್ಟುಕೊಡ್ಬಾರ್ದು ಅಂತ ಹೇಳ್ತಿದಾರೆ ಅಂದ್ಕೊಂಡು ನಾನು ನಂಬ್ಲಿಲ್ಲ." ಅವಳು ಲೋಟವನ್ನು ಇನ್ನೊಂದು ಕೈಗೆ ತೆಗೆದುಕೊಂಡಳು. "ಅವಳಿಗೆ ಸಾಕಾಗಿದೆ, ಮಲಗ್ಲಿ ಬಿಡು ಅಂದ್ರು."

ಸಾಕಾಗಿದೆ. ನನ್ನ ಮಾತನ್ನೇ, ಒಂದಕ್ಷರ ಬದಲಿಸದೆ, ಅವರು ಇವಳ ಕೈಯಲ್ಲಿ ಕೊಟ್ಟು ಹೋಗಿದ್ದರು. ಅದರ ಮುಂದಿನ ಮಾತನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. ನಾಲ್ಕು ದಿನ ಅದನ್ನು ಇಟ್ಟುಕೊಂಡು, ಬಾಗಿಲೂ ಮುಚ್ಚದೆ... ಇಲ್ಲ, ಬಾಗಿಲು ತೆರೆಯದೆ. ಆ ಪುಟ್ಟ ಬಾಗಿಲಿಗೆ ಒಂದು ಉಗುರು ಸಿಕ್ಕಿಸಿದ್ದರೆ ಸಾಕಿತ್ತು, ನನ್ನ ದನಿಯಿಂದ ಅವರಿಗೆ ಬಿಡುಗಡೆಯಾಗುತ್ತಿತ್ತು. ಅವರು ಸಿಕ್ಕಿಸಲಿಲ್ಲ.

ನಾನು ಮಗಳಿಗೆ ಆ ಮಧ್ಯಾಹ್ನದ್ದನ್ನು ಹೇಳಿದೆ. ಪೂರ್ತಿ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ನೀರು ಕೊಟ್ಟಳು. ನಾನು ಕುಡಿದೆ. ನುಂಗುವ ಸದ್ದು ದೊಡ್ಡದಾಗಿ ಕೇಳಿಸಿತು.

"ಹೊಸದು ಬೇಡ, ಇದೇ ಇರ್ಲಿ. ನಾಳೆ ಅವಳಿಗೆ ಫೋನ್ ಮಾಡಿ ಅಚ್ಚು ಮಾಡ್ಸೋಕೆ ಹೇಳು" ಎಂದೆ. ಅವಳು ತಲೆಯಾಡಿಸಿ, ಖಾಲಿ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಅವಳ ಹೆಜ್ಜೆ ಹಜಾರ ದಾಟುವವರೆಗೂ ಕೇಳುತ್ತ ಇದ್ದೆ.

ಆಮೇಲೆ ಅವರ ಮಂಚದ ಮೇಲೆ ಅವರು ಮಲಗಿದ್ದ ಹಾಗೆ, ಬಲ ಮಗ್ಗುಲಾಗಿ, ಕಿವಿಯನ್ನು ದಿಂಬಿಗೊತ್ತಿ ಮಲಗಿದೆ. ಸಿಳ್ಳೆ ಶುರುವಾಯಿತು.

"ಅಮ್ಮ, ಅದು ಕೂಗ್ತಿದೆ" ಎಂದು ಮಗಳು ಒಳಗಿನಿಂದ ಕೂಗಿ ಹೇಳಿದಳು.

"ನಂಗೂ ಕೇಳಿಸ್ತಿದೆ" ಎಂದೆ. ಎದ್ದೇಳಲಿಲ್ಲ.